ಡಿಮೆನ್ಷಿಯಾ ಎಂದು ಗೊತ್ತಾದ ಮೇಲೆ: ಮನೆಯವರು ಒಂದೊಂದಾಗಿ ಮಾಡಬೇಕಾದ ಕೆಲಸಗಳು

ನಮ್ಮ ಅಪ್ಪ ಬೆಂಗಳೂರಿನ ಸಿಟಿ ಬಸ್ಸು ಬಿಟಿಎಸ್‌ನಲ್ಲಿ ಕಂಡಕ್ಟರ್ ಆಗಿದ್ದವರು. ಬಿಟಿಎಸ್ ಹೋಗಿ ಬಿಎಂಟಿಸಿ ಆದ ಮೇಲೂ ನಿವೃತ್ತಿಯವರೆಗೆ ಅದೇ ಕೆಲಸ. ಚಿಲ್ಲರೆ ಲೆಕ್ಕದಲ್ಲಿ ತಪ್ಪಿದವರೇ ಅಲ್ಲ. ಅಂಥವರು 71ನೇ ವಯಸ್ಸಿನಲ್ಲಿ ಹಾಲಿನ ಬೂತ್ ಮುಂದೆ ನೂರರ ನೋಟು ಕೊಟ್ಟು, ಎಷ್ಟು ವಾಪಸ್ ಬರಬೇಕು ಅಂತ ತಿಳಿಯದೆ ನಿಂತುಬಿಟ್ಟರು. ನಾವು ವಯಸ್ಸಾಯ್ತು ಅಂದುಕೊಂಡೆವು. ಅರವತ್ತಕ್ಕೆ ಅರಳು ಮರಳು ಅನ್ನುವ ಮಾತೇ ಇದೆಯಲ್ಲ. ಒಂದೂವರೆ ವರ್ಷ ಹಾಗೇ ಕಳೆಯಿತು. ಕೊನೆಗೆ ಡಾಕ್ಟರು ಅದು ಆಲ್ಝೈಮರ್ಸ್, ಅಂದರೆ ಮರೆವಿನ ಕಾಯಿಲೆ ಡಿಮೆನ್ಷಿಯಾದ ಒಂದು ಬಗೆ ಎಂದರು.

ಅವತ್ತು ಡಾಕ್ಟರು ಮಾತಾಡಿದ್ದೆಲ್ಲ ನನ್ನ ಜೊತೆ. ಅಪ್ಪ ಪಕ್ಕದ ಕುರ್ಚಿಯಲ್ಲೇ ಕೂತಿದ್ದರು, ಅವರನ್ನು ಯಾರೂ ಏನೂ ಕೇಳಲಿಲ್ಲ. ಮನೆಗೆ ಬಂದ ಮೇಲೆ ನಾವೂ ಹಾಗೇ ಮಾಡಿದೆವು. ಅವರ ಬೆನ್ನ ಹಿಂದೆ, ಅಡುಗೆಮನೆಯಲ್ಲಿ ಪಿಸುಮಾತು. ಈಗ ಹಿಂದಿರುಗಿ ನೋಡಿದರೆ ನಾವು ಮಾಡಿದ ದೊಡ್ಡ ತಪ್ಪು ಅದೇ. ಶುರುವಿನ ತಿಂಗಳುಗಳಲ್ಲಿ ಅವರಿಗೆ ಇನ್ನೂ ಚೆನ್ನಾಗಿ ತಿಳಿಯುತ್ತಿತ್ತು. ಮನೆ ಯಾರಿಗೆ, ದುಡ್ಡು ಎಲ್ಲಿದೆ, ಕೊನೆಗಾಲದಲ್ಲಿ ಏನು ಬೇಕು, ಏನು ಬೇಡ, ಎಲ್ಲವನ್ನೂ ಅವರೇ ಹೇಳಬಹುದಾಗಿತ್ತು. ನಮಗೆ ಬುದ್ಧಿ ಬಂದು ಕೇಳುವಷ್ಟರಲ್ಲಿ ಅರ್ಧ ಉತ್ತರ ಮಾತ್ರ ಸಿಕ್ಕಿತು. ನಿಮಗೆ ಪೂರ್ತಿ ಸಿಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ಯಾವ ಡಿಮೆನ್ಷಿಯಾ ಅಂತ ಕೇಳಿ

ಡಿಮೆನ್ಷಿಯಾ ಒಂದೇ ಕಾಯಿಲೆಯ ಹೆಸರಲ್ಲ. ಜಾಸ್ತಿ ಜನರಲ್ಲಿ ಕಾಣುವುದು ಆಲ್ಝೈಮರ್ಸ್. ಮೆದುಳಿಗೆ ರಕ್ತ ಸರಿಯಾಗಿ ಹೋಗದೆ ಬರುವುದು ವ್ಯಾಸ್ಕ್ಯುಲರ್. ಲೂಯಿ ಬಾಡಿ, ಫ್ರಂಟೋಟೆಂಪೊರಲ್ ಅಂತ ಇನ್ನೂ ಇವೆ. ಹೆಸರು ತಿಳಿದು ಏನಾಗಬೇಕು ಅನಿಸಬಹುದು. ಆಗಬೇಕಾದ್ದು ಇದೆ. ವ್ಯಾಸ್ಕ್ಯುಲರ್ ಆದರೆ ಬಿಪಿ, ಶುಗರ್ ಹಿಡಿತದಲ್ಲಿ ಇಡುವುದೇ ಮುಖ್ಯ ಚಿಕಿತ್ಸೆ. ಲೂಯಿ ಬಾಡಿ ಇದ್ದವರಿಗೆ, ಉದ್ರೇಕ ಇಳಿಸಲು ಕೊಡುವ ಹ್ಯಾಲೊಪೆರಿಡಾಲ್‌ನಂಥ ಕೆಲವು ಮಾತ್ರೆಗಳು ತುಂಬಾ ಅಪಾಯ. ರಾತ್ರಿ ಹೊತ್ತು ಎಮರ್ಜೆನ್ಸಿಗೆ ಕರೆದುಕೊಂಡು ಹೋದಾಗ ನೀವು ಹೇಳದಿದ್ದರೆ ಅಲ್ಲಿನ ಡ್ಯೂಟಿ ಡಾಕ್ಟರಿಗೆ ಇದು ಹೇಗೆ ಗೊತ್ತಾಗಬೇಕು?

ಇನ್ನೊಂದು. ಮರೆವು ತರುವ ಎಲ್ಲವೂ ಡಿಮೆನ್ಷಿಯಾ ಅಲ್ಲ. ಬಿ12 ಕಡಿಮೆ ಇರುವುದು, ಥೈರಾಯ್ಡ್, ಖಿನ್ನತೆ, ಬಿದ್ದು ತಲೆಗೆ ಪೆಟ್ಟಾಗಿ ಒಳಗೆ ರಕ್ತ ಕಟ್ಟಿರುವುದು, ಇವೂ ಹಾಗೇ ಕಾಣುತ್ತವೆ. ಇವಕ್ಕೆ ಚಿಕಿತ್ಸೆ ಇದೆ. ಮಾಂಸಾಹಾರ ತಿನ್ನದ ಮನೆಗಳಲ್ಲಿ ಬಿ12 ಕೊರತೆ ಸಾಮಾನ್ಯ. ರಕ್ತಪರೀಕ್ಷೆ, ತಲೆಯ ಸ್ಕ್ಯಾನ್ ಆಗಿದೆಯಾ ಅಂತ ಕೇಳಿ. ಕಿವಿಯನ್ನೂ ಪರೀಕ್ಷೆ ಮಾಡಿಸಿ. ಕೇಳಿಸದೆ ಉತ್ತರ ಕೊಡದವರನ್ನು ಮರೆತರು ಅಂದುಕೊಳ್ಳುವುದುಂಟು.

ಮೆದುಳು, ಮನಸ್ಸಿನ ಕಾಯಿಲೆಗಳ ಸರ್ಕಾರಿ ಆಸ್ಪತ್ರೆ, ಹೊಸೂರು ರಸ್ತೆಯ ನಿಮ್ಹಾನ್ಸ್ ನಮ್ಮ ಊರಲ್ಲೇ ಇರುವುದು ದೊಡ್ಡ ಅನುಕೂಲ. ಕಾಯಬೇಕಾಗುತ್ತದೆ, ತಿಂಡಿ ಕಟ್ಟಿಕೊಂಡು ಬೆಳಿಗ್ಗೆ ಬೇಗ ಹೋಗಿ. ಹತ್ತಿರದ ಆಸ್ಪತ್ರೆಯ ನರರೋಗ ತಜ್ಞರು ಅಥವಾ ವೃದ್ಧರ ಮನೋವೈದ್ಯರೂ ನೋಡುತ್ತಾರೆ. ಡೊನೆಪೆಜಿಲ್, ರಿವಾಸ್ಟಿಗ್ಮಿನ್, ಮೆಮಾಂಟಿನ್ ಅಂತ ಮಾತ್ರೆಗಳನ್ನು ಬರೆಯುತ್ತಾರೆ. ಇವು ಕಾಯಿಲೆ ವಾಸಿ ಮಾಡುವುದಿಲ್ಲ, ಕೆಲವರಿಗೆ ಕೆಲವು ಕಾಲ ದಿನವನ್ನು ಸುಲಭ ಮಾಡುತ್ತವೆ. ಅಷ್ಟು ನಿರೀಕ್ಷೆ ಇಟ್ಟುಕೊಂಡರೆ ಸಾಕು. ತಿಂಗಳಿಗೆ ಸಾವಿರಾರು ರೂಪಾಯಿ ಕೀಳುವ ಮೆದುಳಿನ ಟಾನಿಕ್ಕುಗಳಿಗೆ ದುಡ್ಡು ಸುರಿಯಬೇಡಿ.

ಹೆಜ್ಜೆ 2: ಅವರಿಗೇ ಹೇಳಿ

ಇದು ಕಷ್ಟ. ಆದರೆ ಅವರಿಗೆ ಏನೋ ಆಗುತ್ತಿದೆ ಅಂತ ನಮಗಿಂತ ಮೊದಲು ಗೊತ್ತಿರುವುದು ಅವರಿಗೇ. ನಮ್ಮಪ್ಪ ಅಂಗಡಿಯವನ ಹತ್ತಿರ ಮರ್ಯಾದೆ ಹೋಗದಿರಲಿ ಅಂತ ಪ್ರತಿ ಸಲವೂ ದೊಡ್ಡ ನೋಟೇ ಕೊಡುತ್ತಿದ್ದರಂತೆ. ಲೆಕ್ಕ ಹಾಕುವ ಕೆಲಸ ಅಂಗಡಿಯವನದೇ ಆಗಲಿ ಅಂತ. ಅಷ್ಟು ದಿನ ಒಬ್ಬರೇ ಆ ಭಯ ಹೊತ್ತಿದ್ದರು.

ಬೆಳಗಿನ ಹೊತ್ತು, ಕಾಫಿ ಆದ ಮೇಲೆ, ಮನಸ್ಸು ತಿಳಿಯಾಗಿರುವಾಗ ಕೂತು ಹೇಳಿ. ಉದ್ದ ಭಾಷಣ ಬೇಡ. "ಅಪ್ಪಾ, ನಿಮಗೆ ಮರೆವು ಜಾಸ್ತಿ ಆಗುತ್ತಿರುವುದು ಒಂದು ಕಾಯಿಲೆಯಿಂದ. ನಿಮ್ಮ ತಪ್ಪೇನಿಲ್ಲ. ನಾವೆಲ್ಲ ಜೊತೆಗಿದ್ದೇವೆ. ಮುಂದಕ್ಕೆ ಏನು ಮಾಡೋಣ ಅಂತ ನೀವೇ ಹೇಳಿ." ಅವರು ಸಿಟ್ಟಾಗಬಹುದು, ನನಗೇನೂ ಆಗಿಲ್ಲ ಅನ್ನಬಹುದು. ವಾದ ಮಾಡಬೇಡಿ. ಇನ್ನೊಂದು ದಿನ ಅವರೇ ಆ ಮಾತು ಎತ್ತುತ್ತಾರೆ. ನಮ್ಮಪ್ಪ ಎತ್ತಿದರು. ಮೊದಲು ಕೇಳಿದ್ದು, "ನಿಮ್ಮಮ್ಮನಿಗೆ ಪಿಂಚಣಿ ಬರುತ್ತಾ?"

ನೆಂಟರಿಗೆ, ಅಕ್ಕಪಕ್ಕದವರಿಗೂ ತಿಳಿಸಿ. ಮುಚ್ಚಿಟ್ಟರೆ ಸಹಾಯವೂ ಬಾಗಿಲ ಹೊರಗೇ ನಿಲ್ಲುತ್ತದೆ. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ದೇಶದಲ್ಲಿ 60 ದಾಟಿದವರಲ್ಲಿ ಶೇ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ನಿಮ್ಮ ಬೀದಿಯಲ್ಲೇ ಇನ್ನೊಂದು ಮನೆ ಇರಬಹುದು.

ಹೆಜ್ಜೆ 3: ಕಾಗದ ಪತ್ರಗಳು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಬಹಳ ಮನೆಗಳು ಎಡವುವುದು ಇಲ್ಲೇ.

ಎಲ್ಲರೂ ಮೊದಲು ಹೇಳುವ ಸಲಹೆ, "ಒಂದು ಜಿಪಿಎ ಮಾಡಿಸಿಬಿಡಿ." ಪವರ್ ಆಫ್ ಅಟಾರ್ನಿ ಇದ್ದರೆ ಮಗನೋ ಮಗಳೋ ಎಲ್ಲಕ್ಕೂ ಸಹಿ ಹಾಕಬಹುದು ಅಂತ ನಂಬಿಕೆ. ನಮ್ಮ ಪರಿಚಯದ ಒಂದು ಮನೆಯವರು ಹಾಗೇ ಮಾಡಿಸಿ ನೆಮ್ಮದಿಯಾಗಿದ್ದರು. ಅವರ ತಾಯಿಗೆ ಕಾಯಿಲೆ ಬಲಿತ ಮೇಲೆ ಬ್ಯಾಂಕಿನವರು ಅದನ್ನು ಒಪ್ಪಲಿಲ್ಲ. ಬ್ಯಾಂಕಿನವರು ಹೇಳಿದ್ದು ಕಾನೂನಿನ ಪ್ರಕಾರ ಸರಿಯೇ. ನಮ್ಮ ದೇಶದ ಕರಾರು ಕಾಯ್ದೆಯ 201ನೇ ಕಲಂ ಪ್ರಕಾರ, ಅಧಿಕಾರ ಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ಆ ಅಧಿಕಾರವೂ ಮುಗಿದುಹೋಗುತ್ತದೆ. ನಿಮಗೆ ಅದು ಬೇಕಾಗುವ ಹೊತ್ತಿಗೇ ಕೈಕೊಡುತ್ತದೆ. ಆಮೇಲೆ ಉಳಿಯುವ ದಾರಿ ಹೈಕೋರ್ಟಿಗೆ ಅರ್ಜಿ ಹಾಕಿ ಪಾಲಕರನ್ನು ನೇಮಿಸಿಕೊಳ್ಳುವುದು. ಅದಕ್ಕೆ ವಕೀಲರು, ವೈದ್ಯಕೀಯ ಪರೀಕ್ಷೆ, ತಿಂಗಳುಗಟ್ಟಲೆ ಓಡಾಟ.

ಆದ್ದರಿಂದ ಅವರು ತಿಳಿದು ಸಹಿ ಮಾಡಬಲ್ಲ ದಿನಗಳಲ್ಲೇ ಇಷ್ಟು ಮಾಡಿ.

ಬ್ಯಾಂಕ್ ಖಾತೆಗಳನ್ನು ಸಂಗಾತಿ ಅಥವಾ ನಂಬಿಕೆಯ ಮಕ್ಕಳ ಜೊತೆ ಜಂಟಿ ಖಾತೆ ಮಾಡಿಸಿ. "ಈದರ್ ಆರ್ ಸರ್ವೈವರ್" ಅಂತ ಇರಲಿ, ಆಗ ಇಬ್ಬರಲ್ಲಿ ಒಬ್ಬರ ಸಹಿ ಸಾಕು. ಎಫ್‌ಡಿ, ಲಾಕರ್, ಅಂಚೆ ಕಚೇರಿ ಉಳಿತಾಯ, ಎಲ್‌ಐಸಿ, ಎಲ್ಲದರಲ್ಲೂ ನಾಮಿನಿ ಹೆಸರು ಇದೆಯಾ ನೋಡಿ. 2025ರ ನವೆಂಬರ್‌ನಿಂದ ಬ್ಯಾಂಕ್ ಖಾತೆಗೆ ನಾಲ್ಕು ಜನರವರೆಗೆ ನಾಮಿನಿ ಮಾಡಬಹುದು. ಆಧಾರ್‌ಗೆ ಸೇರಿರುವ ಮೊಬೈಲ್ ನಂಬರ್ ಯಾವುದು ಅಂತ ಖಚಿತ ಮಾಡಿಕೊಳ್ಳಿ. ಒಟಿಪಿ ಹಳೆಯ, ಕಳೆದುಹೋದ ಸಿಮ್ಮಿಗೆ ಹೋಗುತ್ತಿದ್ದರೆ ಈಗಲೇ ಬದಲಾಯಿಸಿ.

ಸ್ವಂತ ಮನೆ ಇದ್ದರೆ ಕ್ರಯಪತ್ರ, ಇಸಿ (ಋಣಭಾರ ಪತ್ರ), ತೆರಿಗೆ ರಸೀದಿ ಒಟ್ಟಿಗೆ ಇಡಿ. ಇ-ಖಾತಾ, ಅಂದರೆ ಆಸ್ತಿಯ ಡಿಜಿಟಲ್ ಖಾತೆ ದಾಖಲೆ, ಆಗಿಲ್ಲದಿದ್ದರೆ ಮಾಡಿಸಿ. 2024ರ ಅಕ್ಟೋಬರ್‌ನಿಂದ ಬೆಂಗಳೂರಲ್ಲಿ ಇ-ಖಾತಾ ಇಲ್ಲದೆ ಆಸ್ತಿ ನೋಂದಣಿ ಆಗುವುದಿಲ್ಲ. ಖಾತಾದಲ್ಲಿ ಹೆಸರು ತಪ್ಪಿದ್ದರೆ ಸರಿಪಡಿಸಲು ಅವರ ಕೆವೈಸಿ (ಗುರುತಿನ ಪರಿಶೀಲನೆ) ಬೇಕಾಗುತ್ತದೆ. ವಯಸ್ಸಾದವರ ಬೆರಳಚ್ಚು ಸವೆದಿರುತ್ತದೆ, ಮುಂದೆ ಕಚೇರಿಗೆ ಕರೆದೊಯ್ಯುವುದೂ ಕಷ್ಟ.

ವಿಲ್ ಬರೆಸಿ. ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಬರೆದರೂ ನಡೆಯುತ್ತದೆ. ಸ್ಟ್ಯಾಂಪ್ ಕಾಗದ ಬೇಕಿಲ್ಲ. ಇಬ್ಬರು ಸಾಕ್ಷಿಗಳು ಬೇಕು, ಆಸ್ತಿ ಪಡೆಯುವವರು ಸಾಕ್ಷಿ ಆಗದಿದ್ದರೆ ಒಳ್ಳೆಯದು. ನೋಂದಣಿ ಕಡ್ಡಾಯವಲ್ಲ, ಆದರೆ ಡಿಮೆನ್ಷಿಯಾ ಇದ್ದವರ ವಿಲ್ ಅಂದರೆ ನಾಳೆ ಯಾರಾದರೂ ಪ್ರಶ್ನೆ ಎತ್ತಬಹುದು, ಹಾಗಾಗಿ ನೋಂದಾಯಿಸಿ. ಅದೇ ದಿನದ ತಾರೀಖು ಹಾಕಿ, ಇವರಿಗೆ ವಿಷಯ ತಿಳಿಯುತ್ತಿದೆ ಅಂತ ಡಾಕ್ಟರ ಸರ್ಟಿಫಿಕೇಟ್ ತೆಗೆದುಕೊಳ್ಳಿ. ಡಯಾಗ್ನೋಸಿಸ್ ಆದ ಕೂಡಲೇ ವಿಲ್ ಮಾಡುವ ಹಕ್ಕು ಹೋಗುವುದಿಲ್ಲ. ಬರೆಯುವ ಹೊತ್ತಿಗೆ ಅವರಿಗೆ ತನ್ನದು ಏನಿದೆ, ಯಾರಿಗೆ ಕೊಡುತ್ತಿದ್ದೇನೆ ಅಂತ ತಿಳಿದಿದ್ದರೆ ಸಾಕು.

ಗಡಿಬಿಡಿಯಲ್ಲಿ ಮನೆಯನ್ನು ಗಿಫ್ಟ್ ಡೀಡ್ ಮಾಡಿಸಿಕೊಳ್ಳಬೇಡಿ. ಇದು ನನ್ನ ಗಟ್ಟಿ ಅಭಿಪ್ರಾಯ. ವಿಲ್ ಆದರೆ ಅವರು ಬದುಕಿರುವವರೆಗೂ ಮನೆ ಅವರದೇ. ಈಗಾಗಲೇ ಬರೆದುಕೊಟ್ಟು, ಬರೆಸಿಕೊಂಡವರು ನೋಡಿಕೊಳ್ಳದಿದ್ದರೆ, ಹಿರಿಯ ನಾಗರಿಕರ 2007ರ ಕಾಯ್ದೆಯ ಅಡಿ ಉಪವಿಭಾಗಾಧಿಕಾರಿಯ ಮುಂದೆ ದೂರು ಕೊಡಬಹುದು. ನೋಡಿಕೊಳ್ಳಬೇಕೆಂಬ ಷರತ್ತು ಆ ಪತ್ರದಲ್ಲಿ ಇದ್ದರೆ ಕೆಲಸ ಸುಲಭ.

ಇನ್ನು ಚಿಕಿತ್ಸೆಯ ವಿಷಯ. ಎರಡು ಕಾಗದಗಳಿವೆ, ಜನ ಒಂದನ್ನೊಂದು ಬೆರೆಸಿಬಿಡುತ್ತಾರೆ. ಒಂದು, 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ತನ್ನ ಪರವಾಗಿ ಮಾತಾಡುವ ಪ್ರತಿನಿಧಿಯನ್ನು ಹೆಸರಿಸುವುದು. ಸಾದಾ ಹಾಳೆಯಲ್ಲಿ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಸಾಕು. ಇನ್ನೊಂದು, ಕೊನೆಗಾಲದಲ್ಲಿ ವೆಂಟಿಲೇಟರ್, ಮೂಗಿನ ನಳಿಗೆ ಇವೆಲ್ಲ ಬೇಕೋ ಬೇಡವೋ ಅಂತ ಮೊದಲೇ ಬರೆದಿಡುವುದು, ಜನ ಲಿವಿಂಗ್ ವಿಲ್ ಅನ್ನುವುದು ಇದಕ್ಕೇ. ಸುಪ್ರೀಂ ಕೋರ್ಟ್ ಇದನ್ನು 2018ರಲ್ಲಿ ಒಪ್ಪಿ, 2023ರಲ್ಲಿ ನಿಯಮ ಸರಳ ಮಾಡಿತು. ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಇದರ ಜಾರಿಗೆ ಆದೇಶ ಹೊರಡಿಸಿದೆ. ಬದುಕಿರುವಾಗಲೇ ಸಾವಿನ ಮಾತು ಯಾಕೆ ಅಂತ ನಮ್ಮಮ್ಮ ಅತ್ತರು. ಅಪ್ಪನೇ ಸಮಾಧಾನ ಮಾಡಿ, "ಲಾಸ್ಟ್ ಸ್ಟಾಪಲ್ಲಿ ಇಳಿಯಲೇಬೇಕಲ್ಲ ಕಣೇ, ತಳ್ಳಿಸಿಕೊಂಡು ಯಾಕೆ ಇಳೀಬೇಕು" ಅಂದರು.

ಹೆಜ್ಜೆ 4: ಕೈಯಲ್ಲಿ ಸ್ವಲ್ಪ ದುಡ್ಡಿರಲಿ

ಎಲ್ಲವನ್ನೂ ಕಿತ್ತುಕೊಳ್ಳಬೇಡಿ. ಜೇಬಲ್ಲಿ ಇನ್ನೂರು ರೂಪಾಯಿ, ಹತ್ತರ ನೋಟುಗಳಲ್ಲಿ ಇರಲಿ. ಫೋನಲ್ಲಿ ಯುಪಿಐ ಬೇಕೇ ಬೇಕು ಅಂದರೆ ಕಡಿಮೆ ದುಡ್ಡಿರುವ ಬೇರೆ ಖಾತೆಗೆ ಜೋಡಿಸಿ, ಮಿತಿ ಇಳಿಸಿ. ಪೊಲೀಸ್ ಅಂತ ಹೇಳಿಕೊಂಡು ವಿಡಿಯೋ ಕಾಲ್ ಮಾಡಿ ಹೆದರಿಸುವ ವಂಚಕರಿಗೆ ಇಂಥ ಹಿರಿಯರು ಸುಲಭದ ಬೇಟೆ. ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಪಿಂಚಣಿಗೆ ವರ್ಷಕ್ಕೊಮ್ಮೆ ಕೊಡುವ ಜೀವನ ಪ್ರಮಾಣ ಪತ್ರವನ್ನು ಈಗ ಮನೆಯಲ್ಲೇ ಫೋನ್ ಕ್ಯಾಮೆರಾದಲ್ಲಿ ಮುಖ ತೋರಿಸಿ ಮಾಡಬಹುದು, ಸಾಲಲ್ಲಿ ನಿಲ್ಲಿಸಬೇಡಿ.

ಸ್ಕೂಟರ್ ಕೀಲಿ ಬಿಡಿಸುವುದು ಬೇರೆ ಸಂಕಟ. ನಾವು ಹೇಳಿದರೆ ಕೇಳಲಿಲ್ಲ. ಡಾಕ್ಟರು ಚೀಟಿಯಲ್ಲಿ "ವಾಹನ ಓಡಿಸಬಾರದು" ಅಂತ ಬರೆದುಕೊಟ್ಟರು. ಅದು ಕೆಲಸ ಮಾಡಿತು.

ಹೆಜ್ಜೆ 5: ಮನೆಯನ್ನು ಒಂದು ಸುತ್ತು ನೋಡಿ

ಬೆಂಗಳೂರಿನ ಮನೆಗಳಲ್ಲಿ ನನಗೆ ಎಲ್ಲಕ್ಕಿಂತ ಭಯ ಸಂಪಿನದು. ಗೇಟಿನ ಹತ್ತಿರವೇ ಇರುತ್ತದೆ, ಮುಚ್ಚಳ ಹಗುರ. ಬೀಗ ಹಾಕಿ. ಬಚ್ಚಲುಮನೆಯ ಒಳಗಿನ ಚಿಲಕ ತೆಗೆಸಿ, ಗೋಡೆಗೆ ಹಿಡಿಕೆ ಹಾಕಿಸಿ, ಗೀಸರ್ ಬಿಸಿ ಕಡಿಮೆ ಮಾಡಿ. ಗ್ಯಾಸ್ ಅನ್ನು ರಾತ್ರಿ ರೆಗ್ಯುಲೇಟರಲ್ಲೇ ಆಫ್ ಮಾಡಿ. ಬಾಗಿಲ ಮುಂದಿನ ಕಪ್ಪು ಕಾಲೊರೆಸು ಕೆಲವರಿಗೆ ಗುಂಡಿಯ ಹಾಗೆ ಕಾಣುತ್ತದೆ, ದಾಟಲು ಹೆದರಿ ನಿಲ್ಲುತ್ತಾರೆ. ತೆಗೆದುಬಿಡಿ. ರಾತ್ರಿ ಹಾಸಿಗೆಯಿಂದ ಬಚ್ಚಲಿನವರೆಗೆ ಸಣ್ಣ ದೀಪ ಉರಿಯಲಿ.

ಮನೆ ಬದಲಾಯಿಸುವ, ನವೀಕರಿಸುವ ಯೋಚನೆ ಇದ್ದರೆ ಸಾಧ್ಯವಾದಷ್ಟು ಮುಂದೆ ಹಾಕಿ. ಗೊತ್ತಿರುವ ಜಾಗವೇ ಅವರಿಗೆ ಅರ್ಧ ನೆನಪು.

ಹೆಜ್ಜೆ 6: ದಿನಕ್ಕೊಂದು ಆಕಾರ ಕೊಡಿ

ನಮ್ಮಪ್ಪ ಬೆಳಿಗ್ಗೆ ನಾಲ್ಕಕ್ಕೆ ಎದ್ದು "ಡ್ಯೂಟಿಗೆ ಟೈಮಾಯ್ತು" ಅಂತ ಚಪ್ಪಲಿ ಹುಡುಕುತ್ತಿದ್ದರು. ನಾವು ಮೊದಮೊದಲು, "ನಿಮಗೆ ರಿಟೈರ್ ಆಗಿ ಎಷ್ಟು ವರ್ಷ ಆಯ್ತು" ಅಂತ ತಿದ್ದುತ್ತಿದ್ದೆವು. ದಿನಾ ಜಗಳ. ಆಮೇಲೆ ಅಮ್ಮ ಒಂದು ಉಪಾಯ ಮಾಡಿದರು. "ಇವತ್ತು ನಿಮ್ಮದು ಸೆಕೆಂಡ್ ಶಿಫ್ಟು, ಕಾಫಿ ಕುಡೀರಿ" ಅಂದರು. ಅಪ್ಪ ಕೂತರು. ಸುಳ್ಳು ಹೇಳಿದೆವಲ್ಲ ಅಂತ ನನಗೆ ಬೇಸರ ಆಗಿತ್ತು. ಈಗ ಆಗುವುದಿಲ್ಲ. ಆ ಹೊತ್ತಿಗೆ ಅವರಿರುವ ಲೋಕಕ್ಕೆ ನಾವು ಹೋಗಬಹುದು, ಅವರು ನಮ್ಮ ಲೋಕಕ್ಕೆ ಬರಲಾರರು.

ಕೆಲಸ ಕೊಡಿ. ಒಂದು ಡಬ್ಬಿ ತುಂಬಾ ನಾಣ್ಯ ಕೊಟ್ಟರೆ ನಮ್ಮಪ್ಪ ಅರ್ಧ ಗಂಟೆ ವಿಂಗಡಿಸಿ ಸಾಲಾಗಿ ಜೋಡಿಸುತ್ತಾರೆ. ಚಳಿಗಾಲದಲ್ಲಿ ಅವರೆಕಾಯಿ ಸುಲಿಯುವುದು, ನೆನೆಸಿದ ಅವರೆಕಾಳು ಹಿತುಕುವುದು ಇನ್ನೂ ಚೆನ್ನಾಗಿ ಬರುತ್ತದೆ. ನಿಮ್ಮ ಮನೆಯಲ್ಲಿ ಹೂ ಕಟ್ಟುವುದೋ ಬಟ್ಟೆ ಮಡಿಸುವುದೋ ಇರಬಹುದು. ಕೈಗೆ ರೂಢಿಯಾದದ್ದು ತಲೆಯಿಂದ ಹೋದ ಮೇಲೂ ಬಹಳ ಕಾಲ ಉಳಿಯುತ್ತದೆ. ಹಳೆಯ ಹಾಡುಗಳೂ ಹಾಗೇ. ನಿನ್ನೆಯ ಊಟ ನೆನಪಿಲ್ಲದವರು ದೇವರನಾಮದ ಎಲ್ಲ ಚರಣ ಹೇಳುತ್ತಾರೆ. ದಿನಾ ಪಾರ್ಕಿನಲ್ಲಿ ನಡಿಗೆ ಇರಲಿ. ನಿದ್ದೆಗೂ ಒಳ್ಳೆಯದು, ಹೃದಯಕ್ಕೂ ಒಳ್ಳೆಯದು.

ಭಾಷೆಯ ಬಗ್ಗೆ ಒಂದು ಮಾತು. ಬೆಂಗಳೂರಿನವರು ಮೂರು ನಾಲ್ಕು ಭಾಷೆ ಆಡುತ್ತೇವೆ. ಹೈದರಾಬಾದಿನಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ತಂಡ 648 ರೋಗಿಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಿಗೆ ಡಿಮೆನ್ಷಿಯಾ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಬಂದಿತ್ತು. ಬಂದ ಮೇಲೆ ಮಾತ್ರ, ಕೆಲವರಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಜಾರಿ, ತಾಯಿನುಡಿ ಉಳಿಯುತ್ತದೆ. ನೋಡಿಕೊಳ್ಳಲು ಜನ ಇಡುವಾಗ ಅವರ ಮನೆಮಾತು ಬಲ್ಲವರನ್ನು ಹುಡುಕಿ.

ಇದ್ದಕ್ಕಿದ್ದಂತೆ, ಒಂದೆರಡು ದಿನದಲ್ಲೇ ಗೊಂದಲ ಜಾಸ್ತಿ ಆದರೆ ಕಾಯಿಲೆ ಮುಂದುವರಿಯಿತು ಅಂತ ಸುಮ್ನೆ ಕೂರಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ನೀರು ಕಡಿಮೆ ಕುಡಿದದ್ದು, ಸೋಡಿಯಂ ಇಳಿದದ್ದು, ಹೊಸ ಮಾತ್ರೆ, ಇವುಗಳಲ್ಲಿ ಒಂದು ಇರಬಹುದು. ಅಂಗಡಿಯಲ್ಲಿ ತರುವ ನೆಗಡಿ ಮಾತ್ರೆಯೂ ಗೊಂದಲ ತರಬಹುದು. ಅದೇ ದಿನ ಡಾಕ್ಟರಿಗೆ ತೋರಿಸಿ.

ಹೆಜ್ಜೆ 7: ದಾರಿ ತಪ್ಪಿದರೆ

ನಮ್ಮ ಬಡಾವಣೆಗಳಲ್ಲಿ ಐದನೇ ಕ್ರಾಸಿಗೂ ಆರನೇ ಕ್ರಾಸಿಗೂ ಏನು ವ್ಯತ್ಯಾಸ? ಚೆನ್ನಾಗಿರುವವರೇ ತಪ್ಪುತ್ತಾರೆ. ಮಹಿಳೆಯರಿಗೆ ಬಸ್ಸು ಉಚಿತ ಆದ ಮೇಲೆ ನಮ್ಮ ಅಮ್ಮಂದಿರು, ಅಜ್ಜಿಯರು ಕೈಯಲ್ಲಿ ಕಾಸಿಲ್ಲದೆಯೂ ಊರಿನ ಇನ್ನೊಂದು ತುದಿ ತಲುಪಬಹುದು ಅನ್ನುವುದೂ ನೆನಪಿರಲಿ.

ಅಂಗಿಯ ಜೇಬಲ್ಲಿ ಹೆಸರು, ಎರಡು ಫೋನ್ ನಂಬರ್, "ನನಗೆ ಮರೆವಿನ ಕಾಯಿಲೆ ಇದೆ" ಅಂತ ಕನ್ನಡ ಮತ್ತು ಇಂಗ್ಲಿಷಿನಲ್ಲಿ ಬರೆದ ಚೀಟಿ ಇಡಿ. ಲ್ಯಾಮಿನೇಟ್ ಮಾಡಿಸಿ, ಇಲ್ಲದಿದ್ದರೆ ಒಗೆಯುವಾಗ ಹೋಗುತ್ತದೆ. ಪ್ರತಿ ಅಂಗಿಗೂ ಒಂದೊಂದು. ಈಚಿನ ಒಂದು ಫೋಟೋ ಫೋನಲ್ಲಿ ಇರಲಿ. ಬೀದಿಯ ಇಸ್ತ್ರಿಯವರಿಗೆ, ಆಟೋ ಸ್ಟ್ಯಾಂಡಿನವರಿಗೆ, ಹೂವಿನವರಿಗೆ ಮೊದಲೇ ಹೇಳಿಡಿ. ಕಾಣದೇ ಹೋದರೆ ಕೂಡಲೇ 112ಕ್ಕೆ ಕರೆ ಮಾಡಿ, ಹತ್ತಿರದ ಠಾಣೆಗೂ ಹೋಗಿ. 24 ಗಂಟೆ ಕಾಯಬೇಕು ಅನ್ನುವುದು ಸುಳ್ಳು.

ಅವರ ಹಳೆಯ ದಾರಿಗಳನ್ನು ಮೊದಲು ಹುಡುಕಿ. ನಮ್ಮಪ್ಪ ಸಿಕ್ಕಿದ್ದು ಮೆಜೆಸ್ಟಿಕ್ಕಿನಲ್ಲಿ, ಪ್ಲಾಟ್‌ಫಾರ್ಮಿನಲ್ಲಿ ನಿಂತು ಜನರಿಗೆ ಬಸ್ ನಂಬರ್ ಹೇಳುತ್ತಿದ್ದರಂತೆ. ಒಬ್ಬ ಕಂಡಕ್ಟರ್ ಹುಡುಗ ಜೇಬಿನ ಚೀಟಿ ನೋಡಿ ಫೋನ್ ಮಾಡಿದ. ನಾವು ಹೋಗುವವರೆಗೂ ಚಹಾ ಕುಡಿಸಿ ಪಕ್ಕದಲ್ಲೇ ಕೂರಿಸಿಕೊಂಡಿದ್ದ. "ಸಾರ್ ನಮ್ಮವರೇ" ಅಂದ.

ಹೆಜ್ಜೆ 8: ನೋಡಿಕೊಳ್ಳುವವರನ್ನು ಯಾರು ನೋಡಿಕೊಳ್ಳಬೇಕು?

ಹೆಚ್ಚಿನ ಮನೆಗಳಲ್ಲಿ ಇದು ಹೆಂಡತಿ, ಸೊಸೆ ಅಥವಾ ಮಗಳ ತಲೆಗೇ ಬರುತ್ತದೆ. ಅಣ್ಣ ತಮ್ಮಂದಿರು ಕೂತು ವಾರದ ದಿನಗಳನ್ನು ಹಂಚಿಕೊಳ್ಳಿ. ಫಾರಿನ್ನಿನಲ್ಲಿ ಇರುವವರು ದುಡ್ಡಿನ ಭಾರ ಹೊರಲಿ, ವರ್ಷಕ್ಕೆ ಒಂದು ತಿಂಗಳು ಬಂದು ಪೂರ್ತಿ ನೋಡಿಕೊಳ್ಳಲಿ. ಇದನ್ನು ಬಾಯಿಬಿಟ್ಟು ಕೇಳಿ, ತಾವಾಗಿ ತಿಳಿದುಕೊಳ್ಳುತ್ತಾರೆ ಅಂತ ಕಾಯಬೇಡಿ.

ಊರಲ್ಲಿ ಸಹಾಯವೂ ಇದೆ. ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಡಿಮೆನ್ಷಿಯಾ ಇದ್ದವರ ಆರೈಕೆ ಕೇಂದ್ರ ನಡೆಸುತ್ತದೆ. ಅದೇ ಟ್ರಸ್ಟ್ ನಗರ ಪೊಲೀಸರ ಜೊತೆ ಸೇರಿ 2002ರಿಂದ ನಡೆಸುತ್ತಿರುವ ಹಿರಿಯರ ಸಹಾಯವಾಣಿ 1090. ಆಲ್ಝೈಮರ್ಸ್ ಸೊಸೈಟಿಯ ಬೆಂಗಳೂರು ಶಾಖೆಯೂ ಇದೆ. ದೇಶದ ಎಲ್ಲೆಡೆ ಹಿರಿಯರಿಗೆ 14567. ನಿಮಗೇ ಮನಸ್ಸು ಕುಸಿದಾಗ ಟೆಲಿ ಮಾನಸ್, 14416, ಕನ್ನಡದಲ್ಲೇ ಮಾತಾಡಬಹುದು. ನಮ್ಮಮ್ಮ ಒಂದು ರಾತ್ರಿ ಮಾಡಿದ್ದರು.

ಹೋಂ ನರ್ಸ್ ಇಡುವಾಗ ಆಧಾರ್ ಪ್ರತಿ ತೆಗೆದುಕೊಳ್ಳಿ, ಪೊಲೀಸ್ ಪರಿಶೀಲನೆ ಮಾಡಿಸಿ, ಮೊದಲ ವಾರ ನೀವೂ ಮನೆಯಲ್ಲಿರಿ. ಅವರನ್ನು ಗೌರವದಿಂದ ನೋಡಿ, ವಾರಕ್ಕೊಂದು ರಜೆ ಕೊಡಿ.

ಹೆಜ್ಜೆ 9: ಒಂದು ನೋಟ್‌ಬುಕ್

ಇದನ್ನು ಇವತ್ತೇ ಶುರು ಮಾಡಬಹುದು. ನೂರು ಪುಟದ ಒಂದು ನೋಟ್‌ಬುಕ್ ಸಾಕು. ಮೊದಲ ಪುಟದಲ್ಲಿ ಕಾಯಿಲೆಯ ಪೂರ್ತಿ ಹೆಸರು, ಮಾತ್ರೆಗಳು, ಆಗದ ಔಷಧಿ, ಡಾಕ್ಟರ ನಂಬರ್. ಆಸ್ಪತ್ರೆಗೆ ಓಡುವಾಗ ಅದನ್ನೇ ಹಿಡಿದುಕೊಂಡು ಹೋಗಿ.

ಮುಂದಿನ ಪುಟಗಳಲ್ಲಿ ಅವರು ಏನು ಅಂತ ಬರೆಯಿರಿ, ಅವರನ್ನೇ ಕೇಳಿ ಬರೆಯಿರಿ. ಊಟದ ವಿಷಯವನ್ನು ವಿವರವಾಗಿ ಬರೆಯಿರಿ, ಕಾಯಿಲೆ ಬಲಿತಂತೆ ನುಂಗುವುದು ಕಷ್ಟವಾಗುತ್ತದೆ. ಮುದ್ದೆ ತಿಂದು ಬೆಳೆದವರಿಗೆ ಅಗಿಯದೆ ನುಂಗುವ ಅಭ್ಯಾಸ, ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ತಿನ್ನುವಾಗ ಪದೇ ಪದೇ ಕೆಮ್ಮಿದರೆ ಡಾಕ್ಟರಿಗೆ ಹೇಳಿ. ನೆಟ್ಟಗೆ ಕೂರಿಸಿ, ಸಣ್ಣ ತುತ್ತು ಕೊಡಿ, ಮುದ್ದೆಯ ಬದಲು ರಾಗಿ ಗಂಜಿ ಮಾಡಿ.

ನಮ್ಮ ನೋಟ್‌ಬುಕ್ಕಿನ ಮೂರನೇ ಪುಟ ಅಪ್ಪನೇ ಹೇಳಿ ಬರೆಸಿದ್ದು. ಕಾಫಿ ಲೋಟದಲ್ಲಿ ಬೇಕು, ಕಪ್ಪಿನಲ್ಲಿ ಬೇಡ. ಸ್ನಾನ ಬೆಳಿಗ್ಗೆಯೇ. ಶರ್ಟಿನ ಎಡ ಜೇಬಲ್ಲಿ ಪೆನ್ನು ಇರಬೇಕು. ರೇಗಿದರೆ ಉತ್ತರ ಕೊಡಬೇಡಿ, ಹತ್ತು ನಿಮಿಷ ಬಿಟ್ಟು ಬನ್ನಿ. ಕಿಟಕಿ ಪಕ್ಕ ಮಂಚ ಹಾಕಿ, ರಸ್ತೆ ಕಾಣಬೇಕು. ಈಗ ಹಗಲು ಹೊತ್ತು ನೋಡಿಕೊಳ್ಳಲು ಬರುವ ಹುಡುಗಿ ಮೊದಲ ದಿನವೇ ಆ ಪುಟ ಓದಿ, ಅಪ್ಪನ ಜೇಬಿಗೆ ಪೆನ್ನು ಸಿಕ್ಕಿಸಿದಳು.